ಹನಾಓಗಿಯ ಇಕ್ಕೆಲಗಳಲ್ಲಿ ನಿಂತ ಹುಡುಗಿಯರು

ಪ್ರಶ್ನೆ: ಕಳೆದ ವರ್ಷ ಮಗಳ ಮನೆಗೆಂದು ಬಾಸ್ಟನ್‌ಗೆ ಹೋಗಿದ್ದೆ. ಅಲ್ಲಿನ ಲಲಿತಕಲಾ ಮ್ಯೂಸಿಯಂನಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳನ್ನು ಇಟ್ಟಿದ್ದರು. ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಎತ್ತರದ ಹೆಂಗಸೊಬ್ಬಳು, ತಲೆಯ ತುಂಬ ಉದ್ದುದ್ದ ಸೂಜಿಗಳು, ನೆಲಕ್ಕೆ ಹರಡಿದ ಹೂಬಳ್ಳಿಯ ಉಡುಪು. ಅವಳ ಎರಡೂ ಪಕ್ಕದಲ್ಲಿ ಒಂದೇ ಬಗೆಯ ಬಟ್ಟೆ ತೊಟ್ಟ ಇಬ್ಬರು ಪುಟ್ಟ ಹುಡುಗಿಯರು. ತಾಯಿ ಮಕ್ಕಳು ಎಂದುಕೊಂಡೆ. ಫಲಕವನ್ನು ಓದಿದರೆ, ವೇಶ್ಯೆ ಮತ್ತು ಅವಳ ಪರಿಚಾರಿಕೆಯರು ಎಂದಿತ್ತು. ಆ ಹುಡುಗಿಯರಿಗೆ ನನ್ನ ಮೊಮ್ಮಗಳ ವಯಸ್ಸು. ಅವರು ಯಾರು, ಅಲ್ಲಿ ಏಕಿದ್ದರು? ಇಂಥ ಚಿತ್ರಗಳನ್ನು ಯಾರಿಗಾಗಿ ಮಾಡುತ್ತಿದ್ದರು? ಇದು ನಮ್ಮ ದೇವದಾಸಿ ಪದ್ಧತಿಯಂಥದ್ದೇ? ಅದನ್ನು ನೋಡಿ ನಾನು ಸಂತೋಷಪಟ್ಟದ್ದು ತಪ್ಪಾಯಿತೇ ಎಂಬ ಯೋಚನೆ ಇನ್ನೂ ಹೋಗಿಲ್ಲ.

ಉತ್ತರ: ನಿಮ್ಮ ಕಣ್ಣು ಆ ಹುಡುಗಿಯರ ಮೇಲೆ ನಿಂತಿತಲ್ಲ, ಅದಕ್ಕಾಗಿ ಮೊದಲು ನಿಮಗೆ ವಂದನೆ. ಈ ಚಿತ್ರಗಳ ಮುಂದೆ ನಿಂತವರಲ್ಲಿ ಹೆಚ್ಚಿನವರು ನಡುವಿನ ಹೆಂಗಸಿನ ಮುಖವನ್ನೂ ಬಟ್ಟೆಯನ್ನೂ ನೋಡಿ ಮುಂದೆ ಸಾಗುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ನೋಡಿದ್ದೆ. ಮಕ್ಕಳಿಂದ ಆರಂಭಿಸಿ ನೋಡಿದರೆ ಚಿತ್ರ ಬೇರೆಯೇ ರೀತಿ ತೆರೆದುಕೊಳ್ಳುತ್ತದೆ ಎಂಬುದು ತಡವಾಗಿ ತಿಳಿಯಿತು. ಆದ್ದರಿಂದ ನಿಮ್ಮ ಉಳಿದ ಪ್ರಶ್ನೆಗಳಿಗೂ ಅಲ್ಲಿಂದಲೇ ಹೋಗುತ್ತೇನೆ.

ಅವರು ಆಕೆಯ ಮಕ್ಕಳಲ್ಲ. ಜಪಾನಿ ಭಾಷೆಯಲ್ಲಿ ಅವರನ್ನು ಕಮುರೊ ಎನ್ನುತ್ತಾರೆ. ಆರೇಳು ವರ್ಷದಿಂದ ಹದಿಮೂರು ಹದಿನಾಲ್ಕರವರೆಗಿನ ಹುಡುಗಿಯರು. ಇಂದಿನ ಟೋಕಿಯೊ ಆಗ, ಹದಿನೆಂಟನೆಯ ಶತಮಾನದಲ್ಲಿ, ಎಡೊ ಎಂಬ ಹೆಸರಿನ ನಗರ, ದೇಶವನ್ನಾಳುತ್ತಿದ್ದ ಸೇನಾನಾಯಕರಾದ ಶೋಗನ್‌ಗಳ ರಾಜಧಾನಿ. ಅಲ್ಲಿ ಸರ್ಕಾರದ ಪರವಾನಗಿ ಪಡೆದ ಯೊಶಿವಾರಾ ಎಂಬ ಕೇರಿಯಿತ್ತು. ಆ ಕೇರಿಯ ಮೇಲ್ದರ್ಜೆಯ ಗಣಿಕೆಯೊಬ್ಬಳಿಗೆ ಸಾಮಾನ್ಯವಾಗಿ ಇಬ್ಬರು ಕಮುರೊಗಳು ಇರುತ್ತಿದ್ದರು. ಅವಳ ಹೊಗೆ ಸೇದುವ ಕೊಳವೆ, ತಂಬಾಕಿನ ಪೆಟ್ಟಿಗೆ ಹಿಡಿದು ನಿಲ್ಲುವುದು, ಓಲೆ ತಲುಪಿಸುವುದು, ಅತಿಥಿಗೆ ಚಹಾ ತರುವುದು, ಬೀದಿಯಲ್ಲಿ ಅವಳು ನಡೆಯುವಾಗ ಜೊತೆಯಲ್ಲಿ ನಡೆಯುವುದು ಅವರ ಕೆಲಸ. ಜೊತೆಗೆ ಕಲಿಕೆ: ಅಕ್ಷರ ಬರೆಯುವುದು, ಪದ್ಯ ಕಟ್ಟುವುದು, ಕೊತೊ ಎಂಬ ತಂತಿವಾದ್ಯ ನುಡಿಸುವುದು, ಹೂ ಜೋಡಿಸುವುದು.

ನಾನು ಗಣಿಕೆ ಎಂಬ ಮಾತನ್ನು ಬಳಸುತ್ತಿದ್ದೇನೆ, ಅದಕ್ಕೆ ಕಾರಣವಿದೆ. ವೇಶ್ಯೆ ಎಂದರೆ ಆ ಕೇರಿಯ ಎಲ್ಲ ಹೆಂಗಸರಿಗೂ ಒಂದೇ ಮುದ್ರೆ ಬೀಳುತ್ತದೆ. ಗಣಿಕೆ ಎಂಬ ಪದದಲ್ಲಿ ಸಂಗೀತ, ಸಾಹಿತ್ಯ ಕಲಿತವಳು ಎಂಬ ಅರ್ಥ ನಮ್ಮ ಹಳೆಯ ಕಾವ್ಯಗಳಿಂದಲೇ ಸೇರಿಕೊಂಡಿದೆ. ಅದೇ ವೇಳೆಗೆ ಅವಳ ಕಸುಬನ್ನು ಅದು ಮುಚ್ಚಿಡುವುದೂ ಇಲ್ಲ. ಯೊಶಿವಾರಾದಲ್ಲಿ ಮೇಲ್ದರ್ಜೆಯ ಗಣಿಕೆಯನ್ನು ಒಯಿರಾನ್ ಎನ್ನುತ್ತಿದ್ದರು. ಈ ಪದದ ಹುಟ್ಟಿನ ಬಗ್ಗೆ ಪ್ರಚಲಿತವಾಗಿರುವ ವಿವರಣೆ ನನಗೆ ತುಂಬ ಮುಖ್ಯವೆನಿಸುತ್ತದೆ. ಕಮುರೊಗಳು ತಮ್ಮ ಯಜಮಾನಿಯನ್ನು ‘ಒಯಿರಾ’ ಎಂದು ಶುರುವಾಗುವ ಮಾತಿನಿಂದ ಕರೆಯುತ್ತಿದ್ದರಂತೆ. ಒಯಿರಾ ಎಂದರೆ ನಾವು, ನಮ್ಮ. ‘ನಮ್ಮಲ್ಲಿನ ಅಕ್ಕ’ ಎನ್ನುವ ಆ ಪೂರ್ತಿ ಮಾತು ಸವೆದು ಒಯಿರಾನ್ ಆಯಿತಂತೆ. ಇಂದು ಹಲವು ಮ್ಯೂಸಿಯಂಗಳ ಫಲಕಗಳಲ್ಲಿ ಆ ಎತ್ತರದ ಹೆಂಗಸಿಗೆ ಇರುವ ಹೆಸರು ಅವಳ ಪಕ್ಕದಲ್ಲಿ ನಿಂತ ಮಕ್ಕಳ ಬಾಯಿಂದ ಬಂದದ್ದು ಎಂದಾಯಿತು. ಯಜಮಾನಿಗೂ ಕಮುರೊಗೂ ಇದ್ದ ಸಂಬಂಧದ ಹೆಸರೂ ಅದೇ: ಅಕ್ಕ, ತಂಗಿ.

ಈಗ ಅವರ ಹೆಸರುಗಳಿಗೆ ಬರೋಣ. ಇಂಥ ಚಿತ್ರದ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಬರಹವಿರುತ್ತದೆ. ಮೊದಲು ಗಣಿಕೆಯನ್ನು ಇಟ್ಟುಕೊಂಡ ಮನೆಯ ಹೆಸರು, ಆಮೇಲೆ ಅವಳ ಹೆಸರು, ಅದರ ಪಕ್ಕದಲ್ಲಿ ಅಥವಾ ಕೆಳಗೆ ಚಿಕ್ಕ ಅಕ್ಷರದಲ್ಲಿ ಎರಡು ಹೆಸರು. ಆ ಎರಡು ಕಮುರೊಗಳದ್ದು. ಓಗಿಯಾ ಎಂಬ ಮನೆಯ ಹನಾಓಗಿ ಆ ಕಾಲದ ಅತ್ಯಂತ ಪ್ರಸಿದ್ಧ ಗಣಿಕೆಯರಲ್ಲಿ ಒಬ್ಬಳು. ಹನಾಓಗಿ ಎಂದರೆ ಹೂಬೀಸಣಿಗೆ. ಅವಳ ಕಮುರೊಗಳು ಯೊಶಿನೊ ಮತ್ತು ತಾತ್ಸುತಾ. ಯೊಶಿನೊ ಚೆರ್ರಿ ಹೂವಿಗೆ ಹೆಸರಾದ ಬೆಟ್ಟ. ತಾತ್ಸುತಾ ಕೆಂಪು ಮೇಪಲ್ ಎಲೆಗಳು ತೇಲುವ ಹೊಳೆ. ಜಪಾನಿ ಕಾವ್ಯದಲ್ಲಿ ಮೊದಲನೆಯದನ್ನು ಹೇಳಿದರೆ ವಸಂತ, ಎರಡನೆಯದನ್ನು ಹೇಳಿದರೆ ಶರದೃತು. ಹೂಬೀಸಣಿಗೆಯ ಒಂದು ಪಕ್ಕ ವಸಂತ, ಇನ್ನೊಂದು ಪಕ್ಕ ಶರತ್ಕಾಲ. ಅದೇ ಓಗಿಯಾದ ತಾಕಿಗಾವಾ ಎಂದರೆ ಜಲಪಾತದ ಹೊಳೆ. ಅವಳ ಹುಡುಗಿಯರು ಒನಾಮಿ, ಮೆನಾಮಿ: ಗಂಡಲೆ, ಹೆಣ್ಣಲೆ. ಮಾತ್ಸುಬಾಯಾ ಎಂದರೆ ಪೈನ್ ಎಲೆಯ ಮನೆ. ಅಲ್ಲಿನ ಸೆಗಾವಾಳ ಜೊತೆ ಸಾಸಾನೊ, ತಾಕೆನೊ. ಒಂದು ಕಿರುಬಿದಿರಿನ ಬಯಲು, ಇನ್ನೊಂದು ಹೆಬ್ಬಿದಿರಿನ ಬಯಲು. ಸೊಮೆನೊಸುಕೆಯ ಜೊತೆ ವಾಕಾಗಿ ಮತ್ತು ವಾಕಾಬಾ, ಎಳೆಮರ ಮತ್ತು ಎಳೆಎಲೆ.

ಅವಳಿ ಮಕ್ಕಳಿಗೆ ನಾವು ಗಂಗಾ, ಯಮುನಾ ಎಂದು ಜೋಡಿ ಹೆಸರಿಡುವಂತೆ ಇದು ಕೇಳಿಸುತ್ತದೆ. ಆದರೆ ಈ ಹೆಸರುಗಳನ್ನು ತಂದೆ ತಾಯಿ ಇಟ್ಟಿರಲಿಲ್ಲ. ಎತ್ತರದ ಗಣಿಕೆಯ ಹೆಸರು, ಮನೆಯ ಹೆಸರು, ಬಟ್ಟೆಯ ಮೇಲಿನ ಚಿತ್ತಾರ ಇವೆಲ್ಲಕ್ಕೂ ಹೊಂದುವಂತೆ ಹುಡುಗಿಗೆ ಹೆಸರನ್ನು ತೊಡಿಸುತ್ತಿದ್ದರು, ಬಟ್ಟೆ ತೊಡಿಸಿದಂತೆಯೇ. ಹುಡುಗಿ ದೊಡ್ಡವಳಾಗಿ ಮುಂದಿನ ದರ್ಜೆಗೆ ಹೋದಾಗ ಆ ಹೆಸರು ಕಳಚುತ್ತಿತ್ತು. ಅವಳಿಗೆ ಹೊಸ ಹೆಸರು, ಹಳೆಯ ಹೆಸರು ಬೇರೊಬ್ಬ ಪುಟ್ಟ ಹುಡುಗಿಗೆ. ಗಣಿಕೆಯರ ಹೆಸರೂ ಹಾಗೆಯೇ. ಹನಾಓಗಿ, ಸೆಗಾವಾ ಎನ್ನುವುದು ಒಬ್ಬಳ ಹೆಸರಲ್ಲ, ಮನೆಯ ಆಸ್ತಿ. ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಅದನ್ನು ಹೊರುತ್ತಿದ್ದಳು. ಹಾಗಾಗಿ ಚಿತ್ರದಲ್ಲಿರುವ ಸೆಗಾವಾ ಯಾವ ಸೆಗಾವಾ ಎಂದು ತಿಳಿಯಲು ನಾವು ಯೊಶಿವಾರಾ ಸಾಯ್‌ಕೆನ್ ಎಂಬ ಕೈಪಿಡಿಗಳ ಮೊರೆ ಹೋಗುತ್ತೇವೆ. ವರ್ಷಕ್ಕೆ ಎರಡು ಸಲ ಹೊರಬರುತ್ತಿದ್ದ ಆ ಪುಸ್ತಿಕೆಗಳಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ದರ್ಜೆ ಎಂಬುದು ಮನೆ ಮನೆಯ ಲೆಕ್ಕದಲ್ಲಿ ಅಚ್ಚಾಗಿದೆ. ಚಿತ್ರದ ಹೆಸರನ್ನು ಕೈಪಿಡಿಯ ಹೆಸರಿನೊಡನೆ ತಾಳೆ ನೋಡಿ ವರ್ಷವನ್ನು ಗುರುತಿಸುವ ಕೆಲಸ ಪಂಚಾಂಗ ನೋಡಿ ಶಾಸನದ ಕಾಲ ಹೇಳುವ ಕೆಲಸಕ್ಕೆ ಹತ್ತಿರ.

ಅವರು ಅಲ್ಲಿ ಏಕಿದ್ದರು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಒಂದೇ ಪದ: ಸಾಲ. ಮನುಷ್ಯರನ್ನು ಮಾರುವುದು ಶೋಗನ್ ಆಡಳಿತದಲ್ಲಿ ಕಾನೂನಿನ ಪ್ರಕಾರ ನಿಷಿದ್ಧವಾಗಿತ್ತು. ಆದ್ದರಿಂದ ಮಾರಾಟಕ್ಕೆ ಜೀತದ ಕರಾರಿನ ರೂಪ ಕೊಟ್ಟಿದ್ದರು. ಬಡ ಹಳ್ಳಿಯ ತಂದೆಗೆ ಮುಂಗಡ ಹಣ, ಅದಕ್ಕೆ ಪ್ರತಿಯಾಗಿ ಮಗಳು ಇಷ್ಟು ವರ್ಷ ದುಡಿಯುತ್ತಾಳೆ ಎಂಬ ಪತ್ರ. ಹತ್ತು ವರ್ಷದ ಕರಾರು, ಇಪ್ಪತ್ತೇಳನೆಯ ವಯಸ್ಸಿಗೆ ಬಿಡುಗಡೆ ಎಂಬುದು ರೂಢಿ. ಕಮುರೊ ಆಗಿ ಕಳೆದ ಬಾಲ್ಯ ಸಾಮಾನ್ಯವಾಗಿ ಆ ಹತ್ತು ವರ್ಷಕ್ಕೆ ಜಮೆ ಆಗುತ್ತಿರಲಿಲ್ಲ. ಬಟ್ಟೆ, ಹಾಸಿಗೆ, ಆಭರಣ ಎಲ್ಲವೂ ಸಾಲದ ಮೇಲೆ ಸಾಲ. ಈ ಲೆಕ್ಕದಲ್ಲಿ ಅತ್ಯಂತ ಭಾರ ಹೊತ್ತವಳು ಮೇಲ್ದರ್ಜೆಯ ಗಣಿಕೆಯೇ, ಏಕೆಂದರೆ ತನ್ನ ಕಮುರೊಗಳ ಉಡುಪು, ಊಟ, ಅವರು ದೊಡ್ಡವರಾಗಿ ಶಿನ್‌ಜೋ ಎಂಬ ಮುಂದಿನ ದರ್ಜೆಗೆ ಏರುವ ಸಮಾರಂಭದ ಖರ್ಚು ಎಲ್ಲವೂ ಅವಳ ತಲೆಯ ಮೇಲೆ. ಸಮಾರಂಭಕ್ಕೆ ಅವಳು ತನ್ನ ಶ್ರೀಮಂತ ಗಿರಾಕಿಯ ಮುಂದೆ ಕೈಚಾಚಬೇಕಿತ್ತು. ನೀವು ನೋಡಿದ ಚಿತ್ರದಲ್ಲಿ ಆ ಮಕ್ಕಳ ಮೈಮೇಲೆ ಹೊಳೆಯುತ್ತಿರುವುದು ಅವರ ಅಕ್ಕನ ಸಾಲ.

ಹಳ್ಳಿಯಿಂದ ಬಂದ ಹುಡುಗಿ ತನ್ನ ಮಾತನ್ನೂ ಬಿಟ್ಟುಕೊಡಬೇಕಿತ್ತು. ಯೊಶಿವಾರಾಕ್ಕೆ ಅದರದೇ ಆದ ಆಡುನುಡಿಯಿತ್ತು. ಕ್ರಿಯಾಪದಗಳು ‘ಅರಿನ್ಸು’ ಎಂಬಂಥ ವಿಶಿಷ್ಟ ರೂಪಗಳಲ್ಲಿ ಮುಗಿಯುತ್ತಿದ್ದವು. ಯಾವ ಊರಿನವಳು ಎಂಬುದು ಮಾತಿನ ಧಾಟಿಯಲ್ಲಿ ಗೊತ್ತಾಗದಿರಲಿ ಎಂಬುದೇ ಅದರ ಉದ್ದೇಶ. ಏಳು ವರ್ಷದ ಮಗು ತಾಯಿಯಿಂದ ಕಲಿತ ಮಾತನ್ನು ಮರೆತು ಈ ನುಡಿಯನ್ನು ನಾಲಿಗೆಗೆ ತಂದುಕೊಳ್ಳಬೇಕು. ಭಾಷೆಯನ್ನು ಪ್ರೀತಿಸುವವರಿಗೆ ಈ ಸಂಗತಿ ಸುಲಭವಾಗಿ ಅರಗುವುದಿಲ್ಲ. ನನಗಂತೂ ಅರಗಿಲ್ಲ.

ಕೇರಿಯ ಬಗ್ಗೆ ಒಂದೆರಡು ಮಾತು. ಯೊಶಿವಾರಾ ಮೊದಲು ನಿಹೊನ್‌ಬಾಶಿಯ ಹತ್ತಿರ, 1617ರ ಪರವಾನಗಿಯ ಮೇಲೆ ಆರಂಭವಾಯಿತು. 1657ರ ಮಹಾ ಬೆಂಕಿಯಲ್ಲಿ ಎಡೊ ನಗರದ ಬಹುಭಾಗ ಸುಟ್ಟುಹೋದ ಮೇಲೆ ಅಸಾಕುಸಾದ ಆಚೆಗಿನ ಗದ್ದೆಗಳ ನಡುವೆ ಅದನ್ನು ಮತ್ತೆ ಕಟ್ಟಿದರು. ಸುತ್ತ ಕಂದಕ, ಒಂದೇ ಹೆಬ್ಬಾಗಿಲು, ಬಾಗಿಲಲ್ಲಿ ಕಾವಲು. ಗಂಡಸರು ಬಂದು ಹೋಗಬಹುದು, ಹೆಂಗಸರು ಹೊರಗೆ ಹೋಗುವಂತಿಲ್ಲ. ಒಳಗೆ ಸಾವಿರಾರು ಹೆಂಗಸರು. ಅವರಲ್ಲಿ ಚಿತ್ರಗಳಲ್ಲಿ ಕಾಣುವಂಥ ಒಯಿರಾನ್‌ಗಳು ಬೆರಳೆಣಿಕೆಯವರು. ಉಳಿದವರು ಬೀದಿಗೆ ಮುಖಮಾಡಿದ ಮರದ ಜಾಲಂಧ್ರದ ಹಿಂದೆ ಸಾಲಾಗಿ ಕುಳಿತು ಗಿರಾಕಿಗಾಗಿ ಕಾಯುವವರು.

ನೀವು ನೋಡಿದ್ದು ಒಯಿರಾನ್ ಎಂದು ಹೇಗೆ ಗೊತ್ತಾಗುತ್ತದೆ? ನಡುಪಟ್ಟಿಯ ಗಂಟನ್ನು ನೋಡಿ. ಒಬಿ ಎಂಬ ಆ ಅಗಲದ ಪಟ್ಟಿಯನ್ನು ಗಣಿಕೆ ಮುಂದಕ್ಕೆ ಕಟ್ಟುತ್ತಾಳೆ, ಅದು ಹೊಟ್ಟೆಯ ಮೇಲೆ ದೊಡ್ಡದಾಗಿ ಇಳಿಬಿದ್ದಿರುತ್ತದೆ. ಗೆಯಿಶಾಗಳು ಹಿಂದಕ್ಕೆ ಕಟ್ಟುತ್ತಾರೆ. ಇವರಿಬ್ಬರನ್ನೂ ಒಂದೇ ಎಂದುಕೊಳ್ಳುವ ತಪ್ಪು ನಮ್ಮಲ್ಲಿ ಬಹಳ ಇದೆ. ಗೆಯಿಶಾ ಹಾಡು, ವಾದ್ಯ, ಕುಣಿತದವಳು. ಯೊಶಿವಾರಾದಲ್ಲಿ ಅವಳು ಗಣಿಕೆಯ ಕಸುಬಿಗೆ ಕೈಹಾಕುವಂತಿರಲಿಲ್ಲ. ಗೆಯಿಶಾಳ ತಲೆಯಲ್ಲಿ ಒಂದೆರಡು ಸೂಜಿ ಇದ್ದರೆ ಒಯಿರಾನ್‌ನ ತಲೆಯಲ್ಲಿ ಆಮೆಚಿಪ್ಪಿನ ಬಾಚಣಿಗೆ, ಸೂಜಿಗಳು ಸೂರ್ಯನ ಕಿರಣದಂತೆ ಹರಡಿಕೊಂಡಿರುತ್ತವೆ. ಇನ್ನೊಂದು ಗುರುತು ಪಾದ. ಎಡೊದ ಒಯಿರಾನ್ ಕೊರೆಯುವ ಚಳಿಯಲ್ಲೂ ಕಾಲುಚೀಲ ತೊಡುತ್ತಿರಲಿಲ್ಲ. ಎತ್ತರದ ಮರದ ಮೆಟ್ಟಿನ ಮೇಲೆ ಬರಿಗಾಲು, ಹಿಮ ಬಿದ್ದಿದ್ದರೂ ಬರಿಗಾಲು. ಅವಳು ಗಿರಾಕಿಯನ್ನು ಎದುರುಗೊಳ್ಳಲು ಕೇರಿಯ ನಡುಬೀದಿಯಲ್ಲಿ ಮೆರವಣಿಗೆ ಹೊರಟಾಗ ಪಾದವನ್ನು ಹೊರಕ್ಕೆ ಅರ್ಧವೃತ್ತವಾಗಿ ಎಳೆದು ಎಳೆದು ಹೆಜ್ಜೆಯಿಡುತ್ತಿದ್ದಳು. ಆ ನಡಿಗೆಯನ್ನು ಕಲಿಯಲು ವರ್ಷಗಳು ಬೇಕಿದ್ದವು. ಮನೆಯ ಲಾಂಛನವುಳ್ಳ ದೀಪ ಹಿಡಿದ ಸೇವಕ, ಇಬ್ಬರು ಕಮುರೊಗಳು, ಶಿನ್‌ಜೋಗಳು ಅವಳ ಜೊತೆ ಅಷ್ಟೇ ನಿಧಾನವಾಗಿ ಸಾಗಬೇಕು. ಹಿನ್ನೆಲೆಯಲ್ಲಿ ಚೆರ್ರಿ ಮರಗಳಿದ್ದರೆ ಅದು ವಸಂತದ ಚಿತ್ರ. ಆ ಮರಗಳು ಅಲ್ಲಿ ಬೆಳೆದವಲ್ಲ. ಹೂ ಬಿಡುವ ಹೊತ್ತಿಗೆ ಬೇರುಸಹಿತ ತಂದು ಬೀದಿಯ ನಡುವೆ ನೆಟ್ಟು, ಹೂ ಉದುರಿದ ಮೇಲೆ ಕಿತ್ತು ಒಯ್ಯುತ್ತಿದ್ದರು.

ಮಕ್ಕಳನ್ನು ಗುರುತಿಸುವುದು ಸುಲಭ. ನೆಲ ಮುಟ್ಟುವಷ್ಟು ಉದ್ದ ತೋಳಿನ ಉಡುಪು, ತಲೆಯಲ್ಲಿ ಹೂಗೊಂಚಲಿನ ಒಡವೆ, ಇಬ್ಬರದೂ ಒಂದೇ ಚಿತ್ತಾರ. ಆ ಚಿತ್ತಾರ ಹಲವು ಸಲ ಅಕ್ಕನ ಉಡುಪಿನ ಚಿತ್ತಾರಕ್ಕೆ ಪ್ರತಿಧ್ವನಿಯಾಗಿರುತ್ತದೆ. ಹೊಸ ವರ್ಷದ ಚಿತ್ರಗಳಲ್ಲಿ ಅವರ ಕೈಯಲ್ಲಿ ಗರಿಚೆಂಡಿನ ಆಟದ ಹಲಗೆ ಕಾಣುತ್ತದೆ. ಆಗ ಮಾತ್ರ ಅವರು ಮಕ್ಕಳಂತೆ ಕಾಣುತ್ತಾರೆ.

ಯಾರಿಗಾಗಿ ಮಾಡಿದರು ಎಂಬುದಕ್ಕೆ ನೇರ ಉತ್ತರ: ಇವು ಬಹುಮಟ್ಟಿಗೆ ಜಾಹೀರಾತುಗಳು. 1765ರ ಸುಮಾರಿಗೆ ಸುಜುಕಿ ಹರುನೊಬು ಎಂಬ ಕಲಾವಿದನ ಕಾಲದಲ್ಲಿ ಹಲವು ಬಣ್ಣಗಳಲ್ಲಿ ಅಚ್ಚೊತ್ತುವ ವಿದ್ಯೆ ಕೈಗೂಡಿತು. ಜರತಾರಿ ರೇಷ್ಮೆಯಂತೆ ಕಾಣುತ್ತಿದ್ದ ಆ ಮುದ್ರಣಗಳನ್ನು ಜನ ನಿಶಿಕಿ-ಎ, ಅಂದರೆ ಜರತಾರಿ ಚಿತ್ರ ಎಂದು ಕರೆದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಸೊದಾ ಕೊರ್ಯೂಸಾಯ್ ಎಂಬ ಇನ್ನೊಬ್ಬ ಕಲಾವಿದ ಎಳೆಎಲೆಯಷ್ಟು ಹೊಸದಾದ ಚಿತ್ತಾರಗಳು ಎಂಬ ಅರ್ಥದ ಶೀರ್ಷಿಕೆಯ ಮಾಲಿಕೆಯನ್ನು ತೊಡಗಿದ. ನೂರಕ್ಕೂ ಹೆಚ್ಚು ಚಿತ್ರಗಳು. ಹೆಚ್ಚಿನವುಗಳಲ್ಲಿ ಒಬ್ಬ ಹೆಸರಾಂತ ಗಣಿಕೆ, ಜೊತೆಗೆ ಅವಳ ಕಮುರೊಗಳು, ಮೈಮೇಲೆ ಹೊಸ ಉಡುಪು. ಆಮೇಲೆ ಅದನ್ನು ತೊರಿಯಿ ಕಿಯೊನಾಗಾ ಮುಂದುವರಿಸಿದ. ಗಣಿಕೆಯ ಹೆಸರಿನ ಜೊತೆ ಬಟ್ಟೆಯ ವಿನ್ಯಾಸಕ್ಕೂ ಅದು ಪ್ರಚಾರ. ಎಡೊದ ವ್ಯಾಪಾರಿಯ ಹೆಂಡತಿ ಅದನ್ನು ಕೊಂಡು, ಈ ವರ್ಷ ಎಂಥ ಚಿತ್ತಾರ ನಡೆಯುತ್ತಿದೆ ಎಂದು ನೋಡುತ್ತಿದ್ದಳು. ಈಗ ಒಬಾನ್ ಎಂದು ಕರೆಯುವ, ಸುಮಾರು 39 ಸೆಂಟಿಮೀಟರ್ ಎತ್ತರ, 26 ಸೆಂಟಿಮೀಟರ್ ಅಗಲದ ಹಾಳೆಯ ಅಳತೆ ರೂಢಿಗೆ ಬಂದದ್ದೂ ಬಹುಪಾಲು ಈ ಮಾಲಿಕೆಯಿಂದಲೇ.

ಬೆಲೆಯನ್ನು ಕೇಳಿ. ಹಲವು ಬಣ್ಣಗಳ ಒಂದು ಮುದ್ರಣಕ್ಕೆ ಸುಮಾರು 20 ಮೊನ್ ಎಂಬ ಬಿಡಿನಾಣ್ಯ, ಒಂದು ಬಟ್ಟಲು ಸೊಬಾ ಶಾವಿಗೆಗೆ 16 ಮೊನ್. ಅತ್ಯುನ್ನತ ದರ್ಜೆಯ ಒಯಿರಾನ್‌ಳ ಶುಲ್ಕ ಕೈಪಿಡಿಗಳ ಪ್ರಕಾರ ರ್ಯೋ ಎಂಬ ಚಿನ್ನದ ನಾಣ್ಯದ ಲೆಕ್ಕದಲ್ಲಿ ಒಂದೂಕಾಲು. ಅಧಿಕೃತ ದರದಲ್ಲಿ 5,000 ಮೊನ್, ಅಂದರೆ 250 ಚಿತ್ರಗಳ ಬೆಲೆ. ಅದರ ಮೇಲೆ ಚಹಾಮನೆಯ ಖರ್ಚು, ಊಟ, ಇನಾಮು. ಆ ಚಿತ್ರವನ್ನು ಕೊಂಡವರಲ್ಲಿ ಹೆಚ್ಚಿನವರು ಆ ಹೆಂಗಸನ್ನು ಬೀದಿಯ ಮೆರವಣಿಗೆಯಲ್ಲಿ ದೂರದಿಂದ ನೋಡಿರಬಹುದು, ಅಷ್ಟೇ.

ಇದರ ಹಿಂದಿನ ವ್ಯಾಪಾರಿಗಳಲ್ಲಿ ಮುಖ್ಯನಾದವನು ತ್ಸುತಾಯಾ ಜೂಜಾಬುರೊ. 1750ರಲ್ಲಿ ಯೊಶಿವಾರಾದಲ್ಲಿಯೇ ಹುಟ್ಟಿದವನು. ಹೆಬ್ಬಾಗಿಲ ಹತ್ತಿರ ಪುಸ್ತಕದಂಗಡಿ ಇಟ್ಟು, ಆ ಕೈಪಿಡಿಗಳನ್ನು ಮಾರುತ್ತ, ಅಚ್ಚು ಮಾಡುತ್ತ, 1783ರಲ್ಲಿ ನಗರದ ಮುಖ್ಯ ವ್ಯಾಪಾರದ ಬೀದಿಗೆ ಅಂಗಡಿಯನ್ನು ಒಯ್ದ. ಮರುವರ್ಷ ಅವನು ಹೊರತಂದ ಆಲ್ಬಂ ನನಗೆ ಬಹಳ ಪ್ರಿಯ. ಕಿತಾವೊ ಮಾಸಾನೊಬು ಬರೆದ ದೊಡ್ಡ ಹಾಳೆಯ ಆ ಚಿತ್ರಗಳಲ್ಲಿ ಗಣಿಕೆಯರು ಕಮುರೊಗಳ ನಡುವೆ ಇದ್ದಾರೆ, ಮೇಲೆ ಅವರದೇ ಕೈಬರಹದ ಪದ್ಯಗಳಿವೆ. ಕೈಬರಹವನ್ನು ಹಾಗೆಯೇ ಮರದಲ್ಲಿ ಕೆತ್ತಿ ಅಚ್ಚೊತ್ತಿದ್ದಾರೆ. ಬಟ್ಟೆ ಸಾಲದ್ದು, ಹೆಸರು ಮನೆಯದ್ದು, ಮಾತು ಕೇರಿಯದ್ದು. ಬೆರಳು ಕುಂಚವನ್ನು ಒತ್ತಿದ ರೀತಿ ಮಾತ್ರ ಆ ಹೆಂಗಸಿನದ್ದೇ. ಆ ಪುಟಗಳನ್ನು ನೋಡುವಾಗ ಚಿತ್ರಕ್ಕಿಂತ ಹೆಚ್ಚು ಹೊತ್ತು ಆ ಗೀಟುಗಳ ಮೇಲೆ ಕಣ್ಣು ನಿಲ್ಲುತ್ತದೆ.

ಚಿತ್ರದ ಕೆಳಗೆ ಸಹಿ ಕಲಾವಿದನದ್ದು ಇರುತ್ತದೆ. ಆದರೆ ಕೆಲಸ ನಾಲ್ವರದ್ದು: ಹಣ ಹಾಕುವ ಪ್ರಕಾಶಕ, ರೇಖೆ ಬರೆಯುವ ಕಲಾವಿದ, ಮರ ಕೆತ್ತುವವನು, ಅಚ್ಚೊತ್ತುವವನು. ಕಲಾವಿದ ತೆಳು ಹಾಳೆಯ ಮೇಲೆ ಬರೆದ ರೇಖಾಚಿತ್ರವನ್ನು ಕಾಡುಚೆರ್ರಿಯ ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ಗೆರೆಗಳನ್ನು ಉಳಿಸಿ ಉಳಿದದ್ದನ್ನು ಕೆತ್ತಿ ತೆಗೆಯುತ್ತಾರೆ. ಮೂಲ ಚಿತ್ರ ಅಲ್ಲಿಗೆ ಮುಗಿಯಿತು. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಎಲ್ಲ ಅಚ್ಚುಗಳಲ್ಲೂ ಒಂದೇ ಜಾಗದಲ್ಲಿ ಎರಡು ಗುರುತಿನ ಕಚ್ಚುಗಳಿರುತ್ತವೆ. ಹಾಳೆಯ ಮೂಲೆಯನ್ನು ಅದಕ್ಕೆ ಕೂರಿಸಿದರೆ ಹತ್ತು ಬಣ್ಣವೂ ಕೂದಲೆಳೆಯಷ್ಟೂ ಜರುಗದೆ ಕೂರುತ್ತವೆ. ಕೂದಲ ಮಾತು ಬಂದಿತಲ್ಲ, ಮುಖವನ್ನೂ ಹಣೆಯಂಚಿನ ಕೂದಲನ್ನೂ ಕೆತ್ತುವ ಅಧಿಕಾರ ಕಾರ್ಖಾನೆಯ ಹಿರಿಯನಿಗೆ ಮಾತ್ರ. ಬಟ್ಟೆಯ ಭಾಗ ಕಿರಿಯರಿಗೆ. ಒಮ್ಮೆ ಭೂತಗನ್ನಡಿ ಹಿಡಿದು ಗಣಿಕೆಯ ಹಣೆಯನ್ನು ನೋಡಿದಾಗ ನನ್ನ ಉಸಿರು ನಿಂತಂತಾಯಿತು. ಒಂದು ಮಿಲಿಮೀಟರಿನ ಒಳಗೆ ಹಲವು ಗೆರೆಗಳು, ಒಂದೊಂದೂ ತುದಿಯಲ್ಲಿ ಸಣ್ಣಗಾಗುತ್ತ ಚರ್ಮದಲ್ಲಿ ಕರಗುತ್ತವೆ. ಕಾಗದವನ್ನು ಹಿಪ್ಪುನೇರಳೆಯ ಬಳಗದ ಗಿಡದ ನಾರಿನಿಂದ ಮಾಡುತ್ತಿದ್ದರು. ಬಣ್ಣ ಹಾಕದೆ ಬರಿಯ ಒತ್ತಿನಿಂದಲೇ ಬಟ್ಟೆಯ ನೇಯ್ಗೆಯನ್ನು ಮೂಡಿಸುತ್ತಿದ್ದರು. ಆ ಕಾಲದ ಹೆಸರಾಂತ ಕಲಾವಿದ ಉತಾಮಾರೊನ ಮುಖಚಿತ್ರಗಳ ಹಿನ್ನೆಲೆಯಲ್ಲಿ ಅಭ್ರಕದ ಪುಡಿ, ನಮ್ಮ ಮಾತಿನಲ್ಲಿ ಕಾಗೆಬಂಗಾರ. ಹಾಳೆಯನ್ನು ಸ್ವಲ್ಪ ಓರೆ ಮಾಡಿದರೆ ಅದು ಮಿನುಗುತ್ತದೆ.

ನೀವು ನೋಡಿದ ಚಿತ್ರದ ಬಣ್ಣಗಳು ಬಹುಶಃ ಕಂದು, ಹಳದಿಯ ಕಡೆಗೆ ವಾಲಿದ್ದವು. ಮೊದಲು ಹಾಗಿರಲಿಲ್ಲ. ಕೆಂಪು ತೆಗೆಯುತ್ತಿದ್ದದ್ದು ಕುಸುಬೆಯ ಹೂವಿನಿಂದ. ನಮ್ಮ ವಿಜಯಪುರ, ಕಲಬುರಗಿ ಕಡೆ ಎಣ್ಣೆಗೆಂದು ಬೆಳೆಯುವ ಅದೇ ಕುಸುಬೆ. ನೀಲಿ ಬರುತ್ತಿದ್ದದ್ದು ನಮ್ಮ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಪುಟ್ಟ ನೀಲಿ ಹೂವಿನ ಗಿಡದ ಜಪಾನಿ ಸೋದರಿಯಿಂದ. ಎರಡೂ ಬೆಳಕಿಗೆ ಬೇಗ ಮಾಸುತ್ತವೆ. ಬಾಸ್ಟನ್ ಮ್ಯೂಸಿಯಂಗೆ ಸ್ಪಾಲ್ಡಿಂಗ್ ಸಹೋದರರು 1921ರಲ್ಲಿ ಸುಮಾರು 6,500 ಮುದ್ರಣಗಳನ್ನು ಕೊಟ್ಟಾಗ, ಇವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದು ಎಂಬ ಷರತ್ತು ಹಾಕಿದ್ದು ಇದೇ ಕಾರಣಕ್ಕೆ. ಆ ಹಾಳೆಗಳಲ್ಲಿ ಕಮುರೊಗಳ ಉಡುಪಿನ ಗುಲಾಬಿ, ನೇರಳೆ ಇನ್ನೂ ಉಳಿದಿವೆ.

ಕಲಾವಿದರಲ್ಲಿ ಎಲ್ಲರೂ ಕಮುರೊಗಳನ್ನು ಒಂದೇ ರೀತಿ ನೋಡಲಿಲ್ಲ. ಕೊರ್ಯೂಸಾಯ್‌ಗೆ, ಕಿಯೊನಾಗಾನಿಗೆ ಆ ಮಕ್ಕಳು ಸಂಯೋಜನೆಯ ಭಾಗ. ಪಕ್ಕದಲ್ಲಿ ಗಿಡ್ಡ ಆಕೃತಿ ನಿಂತರೆ ನಡುವಿನವಳು ಇನ್ನೂ ಎತ್ತರ ಕಾಣುತ್ತಾಳೆ. ಕಂಬಕ್ಕೆ ತೂಗುಹಾಕಲೆಂದು ಮಾಡುತ್ತಿದ್ದ ಉದ್ದನೆಯ ಕಿರಿದಾದ ಹಾಳೆಗಳಲ್ಲಂತೂ ಕಮುರೊ ಕೆಳಗಿನ ಅಂಚಿನಲ್ಲಿ ಹುದುಗಿಕೊಂಡು ಮೇಲಕ್ಕೆ ಕತ್ತೆತ್ತಿ ನೋಡುತ್ತಿರುತ್ತಾಳೆ. ಸಮುರಾಯ್ ಮನೆತನದಿಂದ ಬಂದ ಎಯಿಶಿಯ ಚಿತ್ರಗಳಲ್ಲಿ ಎಲ್ಲರೂ ರಾಜಮನೆತನದವರಂತೆ ಶಾಂತರು. ಅವನನ್ನು ಮೆಚ್ಚುತ್ತೇನೆ, ಆದರೆ ಅಲ್ಲಿ ನನಗೆ ಉಸಿರು ಕಾಣುವುದಿಲ್ಲ. ಉತಾಮಾರೊ ಬೇರೆ. ಸುಮಾರು 1794ರಲ್ಲಿ ಅವನು ಯೊಶಿವಾರಾದ ಒಂದು ದಿನದ, ಪ್ರಾಣಿಗಳ ಹೆಸರಿನ ಹನ್ನೆರಡು ಜಾವಗಳನ್ನು ಹನ್ನೆರಡು ಹಾಳೆಗಳಲ್ಲಿ ಬರೆದ. ನಟ್ಟಿರುಳಿನ ಎತ್ತಿನ ಜಾವದಲ್ಲಿ ನಿದ್ದೆಗಣ್ಣಿನ ಹೆಂಗಸೊಬ್ಬಳು ಉರಿಯುವ ಕಾಗದದ ಸುರುಳಿ ಹಿಡಿದು ಕಾಲಿನಿಂದ ಚಪ್ಪಲಿ ತಡಕುತ್ತಾಳೆ. ರಾತ್ರಿ ಎಂಟರ ನಾಯಿಯ ಜಾವದಲ್ಲಿ ಓಲೆ ಬರೆಯುತ್ತಿದ್ದ ಗಣಿಕೆ ತಿರುಗಿ ಕಮುರೊ ಒಬ್ಬಳ ಕಿವಿಯಲ್ಲಿ ಏನನ್ನೋ ಪಿಸುಗುಡುತ್ತಾಳೆ. ಮೆರವಣಿಗೆಯ ಹೊರಗೆ ಅಕ್ಕ, ತಂಗಿ ಇಬ್ಬರೇ ಇರುವ ಆ ಗಳಿಗೆಯನ್ನು ಹಿಡಿದ ಕಣ್ಣಿಗೆ ನಾನು ಋಣಿ. ಅವನೇ ಆ ಸುಮಾರಿಗೆ ಐದು ಹಾಳೆಗಳ ಇನ್ನೊಂದು ಮಾಲಿಕೆಯಲ್ಲಿ ಕೇರಿಯ ಅತ್ಯಂತ ಕೆಳದರ್ಜೆಯ ಹೆಂಗಸರನ್ನೂ ಮೇಲ್ದರ್ಜೆಯವರ ಸಾಲಿನಲ್ಲಿಟ್ಟು ಬರೆದ. ಅಲ್ಲಿ ಬಟ್ಟೆ ಸರಿದಿದೆ, ಕೂದಲು ಕೆದರಿದೆ. ಅವರ ಪಕ್ಕದಲ್ಲಿ ಕಮುರೊ ಇಲ್ಲ.

ಸರ್ಕಾರದ ಕತ್ತರಿಯ ಕಥೆಯೂ ಇದೆ, ಚಿಕ್ಕದಾಗಿ ಹೇಳುತ್ತೇನೆ. 1790ರ ದಶಕದ ಆರಂಭದಿಂದ ಪ್ರತಿ ಚಿತ್ರಕ್ಕೂ ಪರಿಶೀಲನೆಯ ಗುಂಡು ಮುದ್ರೆ ಬೇಕಾಯಿತು. ಅದೇ ದಶಕದಲ್ಲಿ, ಗಣಿಕೆಯರನ್ನು ಬಿಟ್ಟು ಬೇರೆ ಹೆಂಗಸರ ಹೆಸರು ಚಿತ್ರದಲ್ಲಿ ಬರಬಾರದು ಎಂಬ ಆಜ್ಞೆ ಹೊರಟಿತು. 1804ರಲ್ಲಿ ಹಿದೆಯೊಶಿ ಎಂಬ ಹಿಂದಿನ ಅಧಿಪತಿಯ ಚಿತ್ರ ಬರೆದದ್ದಕ್ಕೆ ಉತಾಮಾರೊನ ಕೈಗೆ 50 ದಿನ ಕೋಳ ಬಿತ್ತು. ಎರಡು ವರ್ಷದಲ್ಲಿ ಅವನು ತೀರಿಕೊಂಡ. 1842ರಲ್ಲಿ ಗಣಿಕೆಯರು, ಗೆಯಿಶಾಗಳು, ನಟರ ಚಿತ್ರಗಳನ್ನೇ ನಿಷೇಧಿಸಿದರು. ನಿಷೇಧ ಚಿತ್ರಕ್ಕೆ ಮಾತ್ರ, ಕೇರಿಗೆ ಅಲ್ಲ.

ಚಿತ್ರದಲ್ಲಿ ಇಲ್ಲದ್ದೇನು ಎಂಬುದನ್ನೂ ಹೇಳಲೇಬೇಕು. ಪರಂಗಿ ಹುಣ್ಣಿನಿಂದ, ಅಂದರೆ ಸಿಫಿಲಿಸ್‌ನಿಂದ, ಸತ್ತವರು ಇಲ್ಲ. ಕೇರಿಯ ಹತ್ತಿರ ಮಿನೊವಾ ಎಂಬಲ್ಲಿ ಜೋಕಾನ್‌ಜಿ ಎಂಬ ಬೌದ್ಧ ದೇವಾಲಯವಿದೆ. ಕೇಳುವವರಿಲ್ಲದೆ ಸತ್ತ ಹೆಂಗಸರನ್ನು ಅಲ್ಲಿಗೆ ತಂದು ಹಾಕುತ್ತಿದ್ದರು. ಎಸೆದು ಹೋಗುವ ಗುಡಿ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು. ಅಲ್ಲಿನ ಸ್ಮಾರಕ ಸುಮಾರು 25,000 ಜೀವಗಳ ನೆನಪಿಗಾಗಿ ಎನ್ನುತ್ತಾರೆ. 1849ರಲ್ಲಿ ಉಮೆಮೊತೊಯಾ ಎಂಬ ಮನೆಯ 16 ಹೆಂಗಸರು ಮಾಲೀಕನ ಹಿಂಸೆ ತಾಳಲಾರದೆ ಮನೆಗೆ ಬೆಂಕಿಯಿಟ್ಟು ತಾವೇ ಹೋಗಿ ಅಧಿಕಾರಿಗಳಿಗೆ ಒಪ್ಪಿಸಿಕೊಂಡರು. ಹಸಿವು, ಹೊಡೆತಗಳ ವಿವರಗಳು ವಿಚಾರಣೆಯಲ್ಲಿ ಹೊರಬಂದವು. ಹಿಂಸೆ ಕೊಟ್ಟ ಮಾಲೀಕನಿಗೂ ಗಡಿಪಾರು ಆಯಿತು.

ದೇವದಾಸಿ ಪದ್ಧತಿಯ ಹೋಲಿಕೆ ನಿಮ್ಮ ಮನಸ್ಸಿಗೆ ಬಂದದ್ದು ಸಹಜ. ಬಡತನ, ಎಳೆಯ ವಯಸ್ಸು, ಹಾಡು ಕುಣಿತದ ಶಿಕ್ಷಣ, ಮರಳಿ ಹೋಗಲಾಗದ ದಾರಿ, ಇವು ಎರಡೂ ಕಡೆ ಇವೆ. ಆದರೆ ಯೊಶಿವಾರಾದಲ್ಲಿ ದೇವರ ಹೆಸರಿರಲಿಲ್ಲ, ಮುತ್ತು ಕಟ್ಟುವ ವಿಧಿಯಿರಲಿಲ್ಲ. ಅಲ್ಲಿದ್ದದ್ದು ಸಹಿ ಹಾಕಿದ ಪತ್ರ, ಮುಂಗಡ, ಸರ್ಕಾರಕ್ಕೆ ಸಲ್ಲುವ ತೆರಿಗೆ. ನಮ್ಮಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಕಟ್ಟು, ಅಲ್ಲಿ ವ್ಯಾಪಾರ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಎರಡರ ನೋವೂ ಮಸುಕಾಗುತ್ತದೆ. ಅವನ್ನು ನಿಲ್ಲಿಸಿದ ಬಗೆಯಲ್ಲಿ ಮಾತ್ರ ಒಂದು ಸಾಮ್ಯವಿದೆ: ಕಾನೂನು ಬಂದ ಮೇಲೂ ರೂಢಿ ಬೇಗ ಬಿಡಲಿಲ್ಲ. ಯೊಕೊಹಾಮಾದಲ್ಲಿ ತಂಗಿದ್ದ ಪೆರು ದೇಶದ ಹಡಗೊಂದರಿಂದ ಚೀನೀ ಕೂಲಿಗಳನ್ನು ಜಪಾನ್ ಬಿಡಿಸಿದಾಗ, ನಿಮ್ಮದೇ ಕೇರಿಗಳಲ್ಲಿ ಹೆಣ್ಣುಮಕ್ಕಳನ್ನು ಮಾರುತ್ತೀರಲ್ಲ ಎಂದು ಹಡಗಿನ ಪರ ವಕೀಲ ಕೇಳಿದ. ಆ ಮುಜುಗರದಿಂದ 1872ರಲ್ಲಿ ಜಪಾನ್ ಸರ್ಕಾರ ಗಣಿಕೆಯರ ಬಿಡುಗಡೆಯ ಆಜ್ಞೆ ಹೊರಡಿಸಿತು. ಕೇರಿ ‘ಬಾಡಿಗೆ ಕೋಣೆಗಳು’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಅದು ಮುಚ್ಚಿದ್ದು 1956ರ ಕಾನೂನು ಪೂರ್ತಿ ಜಾರಿಗೆ ಬಂದ 1958ರಲ್ಲಿ. ಕರ್ನಾಟಕದಲ್ಲಿ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಅದರ ಮುಂದಿನ ಕಥೆ ನಿಮಗೆ ಗೊತ್ತು.

ಈ ಚಿತ್ರಗಳು ಯುರೋಪಿಗೆ ಹೋದಾಗ ಏನಾಯಿತು ಎಂಬುದನ್ನೂ ಒಮ್ಮೆ ನೋಡಿ. ಕೆಯಿಸಾಯ್ ಎಯಿಸೆನ್ ಬರೆದ ಒಯಿರಾನ್ ಚಿತ್ರವೊಂದು 1886ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರ ಮುಖಪುಟಕ್ಕೆ ಬಂತು, ಎಡಬಲ ತಿರುಗಿ. ವಿನ್ಸೆಂಟ್ ವಾನ್ ಗೊ ಅದನ್ನು ಪಡಿಯಚ್ಚು ತೆಗೆದು 1887ರಲ್ಲಿ ದೊಡ್ಡ ತೈಲಚಿತ್ರ ಮಾಡಿದ. ಇಂದು ಅದು ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ಬಣ್ಣ ಉರಿಯುತ್ತದೆ, ನಡುಪಟ್ಟಿಯ ಗಂಟು ಮುಂದೆಯೇ ಇದೆ. ಸುತ್ತಲಿನ ಅಂಚಿನಲ್ಲಿ ಅವನು ಬಿದಿರು, ಕೊಕ್ಕರೆ, ಕಪ್ಪೆಗಳನ್ನು ತುಂಬಿದ. ಪಕ್ಕದಲ್ಲಿ ನಿಲ್ಲುವ ತಂಗಿಯರಾಗಲಿ, ಮೂಲೆಯ ಹೆಸರಾಗಲಿ ಅಲ್ಲಿಲ್ಲ.

ಸಂತೋಷಪಟ್ಟದ್ದು ತಪ್ಪೇ ಎಂದು ಕೇಳಿದ್ದೀರಿ. ನನ್ನ ಉತ್ತರ, ಇಲ್ಲ. ಆ ಸೊಬಗು ಸುಳ್ಳಲ್ಲ. ಕೆತ್ತಿದವನ ಕೈ, ಬಣ್ಣ ಹಾಕಿದವನ ಕಣ್ಣು, ಆ ಭಾರವನ್ನು ಹೊತ್ತು ನೆಟ್ಟಗೆ ನಿಂತವಳ ಕೌಶಲ ಎಲ್ಲವೂ ನಿಜ. ಆ ಸೊಬಗಿಗೆ ಯಾರು ಬೆಲೆ ತೆತ್ತರು ಎಂಬುದೂ ಅದೇ ಹಾಳೆಯಲ್ಲಿ ಇದೆ, ಮರೆಮಾಡಿಲ್ಲ. ನಿಮ್ಮ ಕಣ್ಣು ಎರಡನ್ನೂ ಕಂಡಿದ್ದರಿಂದಲೇ ಆ ಯೋಚನೆ ನಿಮ್ಮನ್ನು ಬಿಟ್ಟಿಲ್ಲ. ಬಿಡದಿರಲಿ.

ಮತ್ತೆ ಬಾಸ್ಟನ್‌ಗೆ ಹೋದಾಗ ಆ ಚಿತ್ರ ಗೋಡೆಯ ಮೇಲೆ ಇರಲಿಕ್ಕಿಲ್ಲ. ಬೆಳಕಿಗೆ ಬಣ್ಣ ಮಾಸುವುದರಿಂದ ಮ್ಯೂಸಿಯಂನವರು ಇಂಥ ಹಾಳೆಗಳನ್ನು ಕೆಲವು ತಿಂಗಳು ಮಾತ್ರ ತೂಗುಹಾಕಿ ಆಮೇಲೆ ಕತ್ತಲ ಪೆಟ್ಟಿಗೆಗೆ ಸೇರಿಸುತ್ತಾರೆ. ಆದರೆ ಅವರ ಸಂಗ್ರಹದ ಬಹುಭಾಗ ಜಾಲತಾಣದಲ್ಲಿದೆ. ಅಲ್ಲಿ ಕಮುರೊ ಎಂದು ಬರೆದು ಹುಡುಕಿ. ಶೀರ್ಷಿಕೆಗಳಲ್ಲಿ ಗಣಿಕೆಯ ಹೆಸರಿನ ಪಕ್ಕದಲ್ಲಿಯೇ ಮಕ್ಕಳ ಹೆಸರನ್ನೂ ಕೊಟ್ಟಿರುತ್ತಾರೆ. ಒಂದೇ ಗಣಿಕೆಯ ಎರಡು ಮೂರು ವರ್ಷಗಳ ಚಿತ್ರಗಳನ್ನು ಸಾಲಾಗಿ ತೆರೆದಿಟ್ಟುಕೊಂಡು, ಚಿಕ್ಕ ಅಕ್ಷರದ ಆ ಎರಡು ಹೆಸರು ಯಾವ ಚಿತ್ರದವರೆಗೆ ಬರುತ್ತವೆ ಎಂದು ನೋಡಿ. ನಿಮ್ಮ ಚಿತ್ರದ ಹುಡುಗಿಯರ ಹೆಸರು ಸಿಕ್ಕಿದರೆ ನನಗೆ ಬರೆದು ತಿಳಿಸಿ. ಅವು ಯಾವ ಬೆಟ್ಟದ, ಯಾವ ಹೊಳೆಯ ಹೆಸರು ಎಂದು ಹುಡುಕಿ ಹೇಳುತ್ತೇನೆ.